ಹೊಸೂರಿನ ಗ್ಯಾರೇಜಿನಲ್ಲಿ ಹೊಸ ಜೀವ ಪಡೆದ ಹಳೆಯ ಟಿವಿಎಸ್ 50

1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಹೊರಬಂದ ಟಿವಿಎಸ್ 50, ಇಬ್ಬರು ಕುಳಿತು ಹೋಗಬಹುದಾದ ದೇಶದ ಮೊದಲ ಮೊಪೆಡ್. ಬಾಗಲೂರು, ತಳಿ, ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಹಾಲಿನ ಕ್ಯಾನು, ಹೂವಿನ ಮೂಟೆ ಎಲ್ಲವನ್ನೂ ಹೊತ್ತ ಈ ಗಾಡಿಯನ್ನು ಬಲ್ಲ ಮೆಕ್ಯಾನಿಕ್‌ಗಳು ಅದು ಹುಟ್ಟಿದ ಊರಿನಲ್ಲೇ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದಲೇ ತಳಿ ರಸ್ತೆಯ ಸಣ್ಣ ಗ್ಯಾರೇಜೊಂದರಲ್ಲಿ ನಮ್ಮ ತಂದೆಯವರ ಗಾಡಿಗೆ ನಡೆದ ಕೆಲಸವನ್ನು ಆಸಕ್ತರಿಗಾಗಿ ಇಲ್ಲಿ ವಿವರಿಸುತ್ತಿದ್ದೇನೆ.

ಹೆಚ್ಚಿನ ಎಳೆತಕ್ಕಾಗಿ ಟಿವಿಎಸ್‌ನದೇ ಇನ್ನೊಂದು ಮೊಪೆಡ್ ಎಕ್ಸ್‌ಎಲ್ ಸೂಪರ್‌ನ 70 ಸಿಸಿ ಎಂಜಿನ್ ಕೂರಿಸಬಹುದೇ ಎಂದು ಮೊದಲು ವಿಚಾರಿಸಿದೆ. ಹಿರಿಯ ಮೆಕ್ಯಾನಿಕ್ ಒಪ್ಪಲಿಲ್ಲ. ಆರ್‌ಸಿಯಲ್ಲಿ ನಮೂದಾದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ನವೀಕರಿಸುವಾಗ ತಪಾಸಣೆ ನಡೆಯುವುದರಿಂದ ಅಂತಹ ಬದಲಾವಣೆ ಅಲ್ಲಿ ತೊಡಕಾಗುತ್ತದೆ. ಅದಕ್ಕಿಂತಲೂ ಮುಖ್ಯವಾಗಿ, ಐವತ್ತು ಸಿಸಿಯ ವೇಗಕ್ಕೆಂದು ಮಾಡಿದ ಡ್ರಮ್ ಬ್ರೇಕನ್ನು ನಂಬಿ ವೇಗ ಹೆಚ್ಚಿಸುವುದು ಸರಿಯಲ್ಲ ಎಂದರು. ಲಾಭದ ಕೆಲಸವನ್ನು ಬೇಡವೆಂದ ಈ ಪ್ರಾಮಾಣಿಕತೆಯೇ ನನಗೆ ಆ ಗ್ಯಾರೇಜಿನ ಮೇಲೆ ವಿಶ್ವಾಸ ಹುಟ್ಟಿಸಿತು.

ಎಂಜಿನ್ ಕೆಲಸ ನಿಜಕ್ಕೂ ಅಚ್ಚುಕಟ್ಟು. ಸವೆದ ಸಿಲಿಂಡರನ್ನು ಲೇತಿಗೆ ಕಳುಹಿಸಿ ಬೋರ್ ಮಾಡಿಸಿ (ಒಳಗೋಡೆಯನ್ನು ಕೊರೆದು ಸಮ ಮಾಡಿಸಿ), ಅದರ ಅಳತೆಗೆ ತಕ್ಕ ಓವರ್‌ಸೈಜ್ (ತುಸು ದೊಡ್ಡ) ಪಿಸ್ಟನ್ ಮತ್ತು ರಿಂಗುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದರು. ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲುಗಳನ್ನು ಬದಲಿಸದೆ ಎಂಜಿನ್ ಮುಚ್ಚಲು ಅವರು ಸಿದ್ಧರಿರಲಿಲ್ಲ: ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೋಣೆಯೇ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಒತ್ತಿ ಮೇಲಕ್ಕೆ ಕಳುಹಿಸುವುದರಿಂದ, ಸೀಲು ಸೋರಿದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಎಕ್ಸಾಸ್ಟ್ ಪೋರ್ಟಿನಲ್ಲಿಯೂ ಸೈಲೆನ್ಸರಿನಲ್ಲಿಯೂ ಗಟ್ಟಿಕಟ್ಟಿದ್ದ ಮಸಿಯನ್ನು ತೆಗೆದ ಮೇಲೆ ಏರು ರಸ್ತೆಯಲ್ಲಿ ಗಾಡಿಯ ಉಸಿರೇ ಬದಲಾಗಿದೆ.

ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ತೇವವನ್ನೂ ಹೀರುತ್ತದೆ. ಅದಕ್ಕಾಗಿ ಪೆಟ್ರೋಲ್ ಪೈಪು, ಕಾರ್ಬುರೇಟರಿನ ವಾಷರುಗಳನ್ನು ಎಥನಾಲ್ ತಡೆಯುವಂಥವುಗಳಿಗೆ ಬದಲಿಸಿ, ಬಹಳ ದಿನ ನಿಲ್ಲಿಸುವ ಮುನ್ನ ಕಾರ್ಬುರೇಟರಿನ ಪೆಟ್ರೋಲನ್ನು ಖಾಲಿ ಮಾಡುವಂತೆ ತಿಳಿಸಿದರು. ಬೋರ್ ಕೆಲಸದ ನಂತರ ಮೊದಲ 500 ಕಿಲೋಮೀಟರು ತ್ರಾಟಲನ್ನು ಪೂರ್ತಿ ತಿರುಗಿಸದೆ ಓಡಿಸಬೇಕು, ಆಮೇಲೆ ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗಾಗಿ ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆ) ಸಾಕು ಎಂಬುದು ಅವರ ಸೂಚನೆ.

ನಾನು ಅತ್ಯಂತ ಮೆಚ್ಚಿದ ಸುಧಾರಣೆಯೆಂದರೆ ದೀಪ. ಎಂಜಿನ್ ತಿರುಗಿದಾಗ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೋ ಕಾಯಿಲಿನಿಂದಲೇ ಉರಿಯುತ್ತಿದ್ದ 6 ವೋಲ್ಟಿನ ದೀಪವು ಎಂಜಿನ್ ನಿಧಾನವಾದೊಡನೆ ಮಂಕಾಗುತ್ತಿತ್ತು. ಕಾಯಿಲನ್ನು ಮತ್ತೆ ಸುತ್ತಿಸಿ, ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ಮತ್ತು ಚಿಕ್ಕ ಬ್ಯಾಟರಿ ಜೋಡಿಸಿ 12 ವೋಲ್ಟಿಗೆ ಬದಲಿಸಿದ್ದರಿಂದ, ರಾತ್ರಿ ಡೆಂಕಣಿಕೋಟೆ ರಸ್ತೆಯ ತಿರುವುಗಳಲ್ಲಿ ಎಲ್‌ಇಡಿ ಬೆಳಕು ಸ್ಥಿರವಾಗಿರುತ್ತದೆ. ಬ್ರೇಕ್ ಶೂಗಳು ಮತ್ತು ಟೈರುಗಳು ಹೊಸವು.

ಬಣ್ಣದ ಕೆಲಸ ಮಾತ್ರ ಇದೇ ಮಟ್ಟದಲ್ಲಿಲ್ಲ. ಟ್ಯಾಂಕಿನ ಅಡಿಭಾಗದಲ್ಲಿ ತುಕ್ಕನ್ನು ಪೂರ್ತಿ ಉಜ್ಜದೆ ಪ್ರೈಮರ್ ಹೊಡೆದಿದ್ದಾರೆ, ಸ್ಟಿಕ್ಕರುಗಳ ಅಕ್ಷರವೂ ಮೂಲದಂತಿಲ್ಲ. ಬಿಡಿಭಾಗಗಳ ಬಿಲ್ಲನ್ನು ಕೇಳಿದ ಮೇಲಷ್ಟೇ ಕೊಟ್ಟರು, ಹೇಳಿದ ಅವಧಿಯೂ ಮೀರಿತು. ಎಂಜಿನ್ ಮತ್ತು ವೈರಿಂಗ್ ಕೆಲಸಕ್ಕೆ ಈ ಗ್ಯಾರೇಜನ್ನು ಧೈರ್ಯವಾಗಿ ಸೂಚಿಸುತ್ತೇನೆ. ಬಣ್ಣವನ್ನು ಬೇರೆಡೆ ಮಾಡಿಸುವುದು, ಕಳಚಿದ ಹಳೆಯ ಭಾಗಗಳನ್ನು ತಪ್ಪದೆ ಮರಳಿ ಪಡೆಯುವುದು ಒಳ್ಳೆಯದು.