ಮಧ್ಯಯುಗದ ಫ್ರೆಂಚ್ ಸಾಹಿತ್ಯದಲ್ಲಿ ಪಿಎಚ್‌ಡಿ: ಫ್ರಾನ್ಸಾ, ಅಮೆರಿಕಾನಾ?

ಫ್ರಾನ್ಸ್‌ನಲ್ಲಿ ಸಾಮಾನ್ಯವಾಗಿ ಮಾಸ್ಟರ್ಸ್ ಮುಗಿಸಿಯೇ ಸೇರಬೇಕು. ಸಂಬಳದ ಕರಾರು 3 ವರ್ಷದ್ದು, ಮೊದಲ ದಿನದಿಂದಲೇ ನಿಮ್ಮ ವಿಷಯಕ್ಕೆ ಕೈ ಹಾಕಬೇಕು. ಅಮೆರಿಕದಲ್ಲಿ 5-6 ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ: ಮೊದಲು ಕ್ಲಾಸು, ಪರೀಕ್ಷೆ, ಜೊತೆಗೆ ಹೊಸ ವಿದ್ಯಾರ್ಥಿಗಳಿಗೆ ಫ್ರೆಂಚ್ ಪಾಠ ಹೇಳುವ ಕೆಲಸ.

ಹಸ್ತಪ್ರತಿ ಓದುವುದನ್ನು ಕಲಿಯಬೇಕಾದರೆ ಪ್ಯಾರಿಸ್ಸೇ ಸರಿ. ಅಲ್ಲಿ 1821ರಲ್ಲಿ ಶುರುವಾದ ಎಕೋಲ್ ದೆ ಶಾರ್ತ್ ಅನ್ನುವ, ಹಳೆಯ ದಾಖಲೆ-ಹಸ್ತಪ್ರತಿ ಓದಲು ಕಲಿಸುವ ಸಂಸ್ಥೆ ಇದೆ, ರಾಷ್ಟ್ರೀಯ ಗ್ರಂಥಾಲಯವೂ ಇದೆ. ಹೆಣ್ಣು-ಗಂಡು ಗುರುತಿನ ಚರ್ಚೆಗೆ ಮಾತ್ರ ಅಮೆರಿಕದಲ್ಲಿ ಜಾಗ ಜಾಸ್ತಿ ಅಂತ ನನಗನಿಸುತ್ತದೆ. 13ನೇ ಶತಮಾನದ ‘ಸಿಲಾನ್ಸ್’ ಕಥೆ ನೋಡಿ: ಹೆಣ್ಣುಮಕ್ಕಳಿಗೆ ಆಸ್ತಿ ಇಲ್ಲ ಅಂತ ರಾಜ ಕಟ್ಟಪ್ಪಣೆ ಮಾಡುತ್ತಾನೆ, ಅಪ್ಪ-ಅಮ್ಮ ಮಗಳನ್ನು ಗಂಡು ಅಂತಲೇ ಬೆಳೆಸುತ್ತಾರೆ, ಅವಳು ದೊಡ್ಡ ಯೋಧನೂ ಆಗುತ್ತಾಳೆ, ಈ ನಡುವೆ ‘ನಾನು ಯಾರು’ ಅನ್ನುವ ಜಗಳವನ್ನು ಪ್ರಕೃತಿಯೂ ಪಾಲನೆಯೂ ಎದುರುಬದುರು ನಿಂತು ಆಡುತ್ತವೆ. ಇದನ್ನು ಎಷ್ಟು ಬಗೆಯಲ್ಲಿ ಓದಬಹುದು ಅಲ್ವಾ? (ತಮಾಷೆ ಅಂದ್ರೆ ಇದರ ಒಂದೇ ಹಸ್ತಪ್ರತಿ ಇರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ.)

ಕೆಲಸ? ಎರಡೂ ಕಡೆ ಕಷ್ಟ. ಫ್ರಾನ್ಸ್‌ನಲ್ಲಿ ಅಗ್ರೆಗಾಸಿಯೋಂ ಪರೀಕ್ಷೆ ಪಾಸಾದರೆ ಹೈಸ್ಕೂಲು ಮೇಷ್ಟ್ರ ಸರ್ಕಾರಿ ಕೆಲಸವಾದರೂ ಸಿಗುತ್ತದೆ. ಫ್ರೆಂಚ್ ಗಟ್ಟಿ ಇದ್ದರೆ ನಾನು ಪ್ಯಾರಿಸ್ಸಿಗೇ ಹೋಗು ಅಂತೀನಿ.