ಗೋಮುಖದ ಹೂಳು, ಒಂದು ಪ್ಲಾಸ್ಟಿಕ್ ಬಳೆ: ಟ್ರೈಪಾಡ್ ಜೊತೆ ಆರು ವರ್ಷ

ಕ್ಯಾಮೆರಾ ನಿಲ್ಲಿಸುವ ಈ ಕಾರ್ಬನ್ ಫೈಬರ್ ಟ್ರೈಪಾಡ್ ಕೊಂಡದ್ದು 2018ರ ಆಗಸ್ಟ್‌ನಲ್ಲಿ. ಆಗಿನ ಬೆಲೆ ₹16,500. ನಾನು ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. ಎರಡು ವರ್ಷ ತಿಂಗಳು ತಿಂಗಳು ಎತ್ತಿಟ್ಟ ದುಡ್ಡು ಅದು. ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಹೇಳಬೇಕೆಂದಿರುವ ತೊಂದರೆ, ತಿರುಗಿಸಿ ಬಿಗಿ ಮಾಡುವ ಲಾಕ್ ಇರುವ ಯಾವ ಟ್ರೈಪಾಡಿಗಾದರೂ ಬರಬಹುದು. ತೂಕ ಎಷ್ಟು, ಎತ್ತರ ಎಷ್ಟು, ಎಷ್ಟು ಕೆ.ಜಿ. ತಡೆಯುತ್ತದೆ ಎಂಬುದೆಲ್ಲ ಡಬ್ಬದ ಮೇಲೇ ಇರುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ.

ಆರು ವರ್ಷದಲ್ಲಿ ಇದನ್ನು ಬೆನ್ನಿಗೆ ಕಟ್ಟಿಕೊಂಡು ನಾಲ್ಕು ಸಲ ಉತ್ತರಾಖಂಡದ ಗಂಗೋತ್ರಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬಂದೆ: 2018ರ ಅಕ್ಟೋಬರ್, 2019ರ ಮೇ, 2023ರ ಅಕ್ಟೋಬರ್, 2024ರ ಅಕ್ಟೋಬರ್. ದಸರಾ ರಜೆ, ಇಲ್ಲವೇ ಬೇಸಿಗೆ ರಜೆ. ಉಳಿದ ದಿನಗಳಲ್ಲಿ ಕೊಡಚಾದ್ರಿ, ಜೋಗ, ಆಗುಂಬೆಯ ಮಳೆಯಲ್ಲಿ ಕಪ್ಪೆಗಳ ಹಿಂದೆ ತಿರುಗಾಟ. ಆಗುಂಬೆಯ ಕೆಸರಿನಲ್ಲಿ ಮೊಣಕಾಲುದ್ದ ಹೂತು ನಿಂತಾಗಲೂ ಇದರ ಕಾಲುಗಳಿಗೆ ಏನೂ ಆಗಿರಲಿಲ್ಲ. ಮನೆಗೆ ಬಂದು ನಲ್ಲಿ ಕೆಳಗೆ ಹಿಡಿದರೆ ಮುಗಿಯಿತು. ಮಲೆನಾಡಿನ ಮಳೆ ತಡೆದದ್ದು ಹಿಮಾಲಯವನ್ನೂ ತಡೆಯುತ್ತದೆ ಎಂದೇ ನಂಬಿಕೊಂಡಿದ್ದೆ.

ಮೊದಲ ಸಲ ಹೋದಾಗ ಸಿಕ್ಕ ಖುಷಿ ಹೇಳಿಬಿಡುತ್ತೇನೆ. ಗಂಗೋತ್ರಿಯಿಂದ ಭೋಜ್‌ಬಾಸಾಕ್ಕೆ 14 ಕಿ.ಮೀ. ಅಲ್ಲಿಂದ ಗಂಗೋತ್ರಿ ಹಿಮನದಿಯ ಬಾಯಿಯಾದ ಗೋಮುಖಕ್ಕೆ ಇನ್ನೂ 4. ದಿನಕ್ಕೆ 150 ಜನರಿಗಷ್ಟೇ ಪರವಾನಗಿ ಇರುವುದರಿಂದ ದಾರಿಯಲ್ಲಿ ನೂಕುನುಗ್ಗಲು ಇಲ್ಲ. ನಾನು ಹೋದದ್ದು ಅಮಾವಾಸ್ಯೆಯ ಆಸುಪಾಸು. ಭೋಜ್‌ಬಾಸಾದ ಆಶ್ರಮದಲ್ಲಿ ರೊಟ್ಟಿ, ದಾಲ್ ಉಂಡು ಹೊರಗೆ ಬಂದರೆ ಕಣಿವೆಯ ತುದಿಯಲ್ಲಿ ಭಾಗೀರಥಿಯ ಮೂರೂ ಶಿಖರಗಳು ಕಪ್ಪಗೆ ನಿಂತಿದ್ದವು, ನೆತ್ತಿಯ ಮೇಲೆ ಕ್ಷೀರಪಥ. ಟ್ರೈಪಾಡ್ ನಿಲ್ಲಿಸಿ, ನಡುಕಂಬದ ಕೊಕ್ಕೆಗೆ ಕಲ್ಲು ತುಂಬಿದ ಬಟ್ಟೆಚೀಲ ತೂಗುಹಾಕಿ, ಇಪ್ಪತ್ತು ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟೆ. ಕಣಿವೆಯ ಗಾಳಿಗೆ ನನ್ನ ಟೊಪ್ಪಿಗೆ ಹಾರುತ್ತಿತ್ತು. ಆದರೂ ಪರದೆಯ ಮೇಲೆ ಒಂದೊಂದು ನಕ್ಷತ್ರವೂ ಚುಕ್ಕಿಯಾಗಿಯೇ ಬಂತು, ಎಲ್ಲೂ ಗೆರೆಯಾಗಿರಲಿಲ್ಲ. ಕೊಟ್ಟ ಹದಿನಾರೂವರೆ ಸಾವಿರ ಅವತ್ತೇ ತೀರಿತು ಅನ್ನಿಸಿತು.

ಮರುದಿನ ಗೋಮುಖದ ದಾರಿಯಲ್ಲಿ ಒಂದು ಬಂಡೆ ಆರಿಸಿಕೊಂಡೆ. ಎಮ್ಮೆ ಮಲಗಿದಂತಿರುವ ಬೂದು ಬಂಡೆ, ಅಡ್ಡಕ್ಕೆ ಒಂದು ಬಿಳಿ ಪಟ್ಟೆ. ಹಿಮನದಿಯ ಬಾಯಿಗೆ ತೀರಾ ಹತ್ತಿರ ಹೋಗಬಾರದು, ಮೇಲಿನಿಂದ ಹಿಮದ ತುಂಡುಗಳು, ಕಲ್ಲುಗಳು ಉರುಳುತ್ತಲೇ ಇರುತ್ತವೆ. ಹಾಗಾಗಿ ದೂರದಿಂದಲೇ ಈ ಬಂಡೆಯ ಮೇಲೆ ಟ್ರೈಪಾಡ್ ಇಟ್ಟು ಒಂದು ಚಿತ್ರ ತೆಗೆದೆ. ಕಾಲುಗಳ ಮೇಲಿನ ಎರಡು ತುಂಡು ಪೂರ್ತಿ ಎಳೆದು, ಕೆಳಗಿನದನ್ನು ಒಂದು ಗೇಣು ಮಾತ್ರ ಬಿಟ್ಟು, ಆ ಅಳತೆಗೆ ಹಳದಿ ಟೇಪ್ ಸುತ್ತಿದೆ. ಮುಂದೆ ಎಷ್ಟು ಸಲ ಬಂದರೂ ಇದೇ ಬಂಡೆ, ಇದೇ ಎತ್ತರ, ಇದೇ ಲೆನ್ಸ್ ಎಂದು ಅವತ್ತೇ ತೀರ್ಮಾನಿಸಿದ್ದೆ. ಗೋಮುಖ ಎಲ್ಲಿದೆ ಎಂದು 1935ರಲ್ಲೇ ಭೂವೈಜ್ಞಾನಿಕ ಸರ್ವೇಕ್ಷಣೆಯವರು ನಕ್ಷೆ ಮಾಡಿಟ್ಟಿದ್ದರು. ಅಲ್ಲಿಂದ ಇಲ್ಲಿಯವರೆಗೆ ಅದು ಹಿಂದೆ ಸರಿಯುತ್ತಲೇ ಇದೆ. ಪಾಠದಲ್ಲಿ ಇದನ್ನು ಓದಿ ಹೇಳುವುದು ಬೇರೆ, ನಾನೇ ನಿಂತು ತೆಗೆದ ಚಿತ್ರಗಳನ್ನು ಒಂದರ ಪಕ್ಕ ಒಂದು ಗೋಡೆಗೆ ಹಚ್ಚಿ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ತೋರಿಸುವುದು ಬೇರೆ.

ಯಡವಟ್ಟಾಗಿದ್ದು 2019ರ ಮೇ ತಿಂಗಳಲ್ಲಿ. ಭೋಜ್‌ಬಾಸಾದ ಕೆಳಗೆ ಭಾಗೀರಥಿ ನದಿಯ ಅಂಚಿನಲ್ಲಿ, ಹರಿಯುವ ನೀರು ರೇಷ್ಮೆಯಂತೆ ಬರಲಿ ಎಂದು ಟ್ರೈಪಾಡಿನ ಎರಡು ಕಾಲುಗಳನ್ನು ನೀರಿಗೇ ಇಳಿಸಿದೆ. ಸುಮಾರು ಒಂದು ತಾಸು. ಮಧ್ಯಾಹ್ನದ ಹೊತ್ತಿಗೆ ಮೇಲೆ ಹಿಮ ಕರಗಿ ನೀರು ಏರತೊಡಗಿದಾಗ ಎತ್ತಿಕೊಂಡು ಬಂದೆ.

ಆ ನೀರಿನ ಬಣ್ಣ ನೋಡಿದವರಿಗೆ ಗೊತ್ತು, ಬೂದಿ ಕಲಸಿದ ಹಾಲಿನ ಹಾಗೆ. ಹಿಮನದಿ ತನ್ನ ತೂಕದಲ್ಲಿ ತಳದ ಬಂಡೆಯನ್ನು ಬೀಸುಕಲ್ಲಿನಂತೆ ಅರೆದು ತಂದ ಹಿಟ್ಟು ಅದು. ಸಂಜೆ ಕಾಲಿನ ಲಾಕ್ ಬಿಚ್ಚಿ ಹೆಬ್ಬೆರಳಿಗೆ ಒಂದಿಷ್ಟು ತೆಗೆದುಕೊಂಡು ನೋಡಿದೆ. ರಂಗೋಲಿ ಹುಡಿಗಿಂತ ನಯ, ಹೆಚ್ಚುಕಡಿಮೆ ಮೈದಾ. ಟಾರ್ಚ್ ಹಾಕಿದರೆ ಅಭ್ರಕದ ಚೂರುಗಳು ಮಿಣಮಿಣ ಎನ್ನುತ್ತವೆ. ನಾಲಗೆಗೆ ತಾಗಿಸಿ ಹಲ್ಲಿನಲ್ಲಿ ಕಚ್ಚಿದರೆ ಮಾತ್ರ ಕರಕರ. ಮಲೆನಾಡಿನ ಕೆಸರು ಅಂಟುತ್ತದೆ, ತೊಳೆದರೆ ಹೋಗುತ್ತದೆ. ಇದು ಅಂಟುವುದಿಲ್ಲ, ಸಂದಿಗೆ ನುಗ್ಗಿ ಕೂರುತ್ತದೆ. ಲಾಕ್ ತಿರುಗಿಸಿದಷ್ಟು ಸಲವೂ ಉಪ್ಪುಕಾಗದದಂತೆ ಉಜ್ಜುತ್ತದೆ.

ಅವತ್ತು ನಾನು ಸುಮ್ಮನೆ ಒರೆಸಿ ಮಡಚಿಟ್ಟೆ. ಊರಿಗೆ ಬಂದ ಮೇಲೂ ಪೂರ್ತಿ ಬಿಚ್ಚಿ ತೊಳೆಯಲಿಲ್ಲ. ಈ ತಪ್ಪು ಪೂರ್ತಿ ನನ್ನದೇ.

ಅದರ ಫಲ ಕಂಡದ್ದು 2023ರಲ್ಲಿ, ತಪೋವನದಲ್ಲಿ. ಭೋಜ್‌ಬಾಸಾದಲ್ಲಿ ತಂತಿಗೆ ತೂಗುಹಾಕಿ ಕೈಯಿಂದ ಎಳೆಯುವ ತೊಟ್ಟಿಲಿನಲ್ಲಿ ನದಿ ದಾಟಿ, ಆಕಾಶಗಂಗೆ ಎಂಬ ತೊರೆಯ ಧಾರೆಯ ಪಕ್ಕದ ಕಡಿದಾದ ಏರು ಹತ್ತಿ, ಸುಮಾರು 4,450 ಮೀಟರ್ ಎತ್ತರದ ಹುಲ್ಲುಬಯಲು ಮುಟ್ಟಿದಾಗ ಎದುರಿಗೆ 6,543 ಮೀಟರಿನ ಶಿವಲಿಂಗ ಶಿಖರ. ಅದನ್ನು ಬರೆಯಲು ಹೊರಟರೆ ಇದು ವಿಮರ್ಶೆಯಾಗಿ ಉಳಿಯುವುದಿಲ್ಲ. ಮಹಾಲಯ ಅಮಾವಾಸ್ಯೆಯ ರಾತ್ರಿ. ಚಳಿ ಸೊನ್ನೆಗಿಂತ ಎಷ್ಟೋ ಕೆಳಗೆ. ಎಂಟು ಗಂಟೆಯಿಂದ ಒಂದರ ಮೇಲೊಂದು ಚಿತ್ರ ತೆಗೆಯುತ್ತಿದ್ದೆ. ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತೆ ಬರುತ್ತಿದ್ದವು. ಗಾಳಿ ಇರಲಿಲ್ಲ. ಕೈ ತಾಗಿರಲೂ ಇಲ್ಲ. ಲೆನ್ಸ್ ಕೆಟ್ಟಿರಬೇಕು ಅಂದುಕೊಂಡೆ. ಹತ್ತನೇ ಚಿತ್ರವೋ ಹನ್ನೊಂದನೆಯದೋ, ಟ್ರೈಪಾಡಿನ ಎಡಗಾಲು ಮೆಲ್ಲಗೆ ಜಾರಿ ಒಳಕ್ಕೆ ಹೋಗುತ್ತಿರುವುದು ಟಾರ್ಚ್ ಬೆಳಕಿಗೆ ಕಂಡಿತು. ಹಿಡಿಯುವಷ್ಟರಲ್ಲಿ ಇಡೀ ಟ್ರೈಪಾಡ್ ವಾಲಿ ಕ್ಯಾಮೆರಾ ಹುಲ್ಲಿನ ಮೇಲೆ ಬಿತ್ತು. ಹುಲ್ಲಿನಲ್ಲಿದ್ದ ಒಂದು ಕಲ್ಲಿಗೆ ತಾಗಿ ಲೆನ್ಸಿನ ಮುಂದಿನ ಅಂಚು ನೆಗ್ಗಿಹೋಯಿತು. ಗಾಜು ಉಳಿಯಿತು.

ಜೊತೆಗಿದ್ದ ಗಡವಾಲಿ ಗೈಡ್ ಅಣ್ಣ ಡೇರೆಯಿಂದ ಓಡಿಬಂದು ಮೊದಲು ನನ್ನ ಕೈಗಳನ್ನು ತನ್ನ ಕೈಗಳ ನಡುವೆ ಇಟ್ಟು ತಿಕ್ಕಿದ. "ಸರ್, ಕ್ಯಾಮೆರಾ ನಾಳೆ ನೋಡೋಣ. ಬೆರಳು ನೀಲಿಯಾಗಿದೆ, ಒಳಗೆ ನಡೀರಿ" ಅಂದ. ಆ ರಾತ್ರಿ ನಿದ್ದೆ ಬರಲಿಲ್ಲ. ಮತ್ತೊಂದು ದಸರಾ ರಜೆಗೆ ಇಷ್ಟೇ ಕತ್ತಲ ಆಕಾಶ ಸಿಗುತ್ತದೆ ಎನ್ನುವ ಖಾತರಿ ಎಲ್ಲಿದೆ?

ಬೆಳಿಗ್ಗೆ ಬಿಸಿಲಲ್ಲಿ ಕಾಲು ಬಿಚ್ಚಿ ನೋಡಿದೆ. ಲಾಕಿನ ಒಳಗೆ ಒಂದು ಪ್ಲಾಸ್ಟಿಕ್ ಬಳೆ ಇರುತ್ತದೆ, ಒಂದು ಕಡೆ ಸೀಳಿರುತ್ತದೆ. ಹೊರಗಿನ ಲೋಹದ ಉಂಗುರ ತಿರುಗಿಸಿದಾಗ ಈ ಬಳೆ ಅಮುಕಿಕೊಂಡು ಕಾಲನ್ನು ಕಚ್ಚಿ ಹಿಡಿಯುತ್ತದೆ. ಎಡಗಾಲಿನ ಬಳೆಯ ಒಳಮೈ ಸವೆದು ಗಾಜಿನಂತೆ ನುಣುಪಾಗಿತ್ತು, ಸೀಳಿನ ಎದುರಿಗೆ ಕೂದಲೆಳೆಯ ಬಿರುಕು. ಅದರ ಮೇಲೆ ಚಳಿ ಬೇರೆ. ಚಳಿಗೆ ಪ್ಲಾಸ್ಟಿಕ್ ಕುಗ್ಗುತ್ತದೆ, ಕಾರ್ಬನ್ ಫೈಬರ್ ಕೊಳವೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಎರಡರ ನಡುವಿನ ಅಳತೆ ತಪ್ಪಿತ್ತು.

ಊರಿಗೆ ಬಂದವನೇ ಕಂಪನಿಗೆ ಚಿತ್ರಸಮೇತ ಬರೆದೆ. ಉತ್ತರ ಒಂದು ವಾರಕ್ಕೆ ಬಂತು. ಆ ಬಳೆಯನ್ನು ಬಿಡಿಯಾಗಿ ಮಾರುವುದಿಲ್ಲವಂತೆ, ಇಡೀ ಕಾಲನ್ನೇ ಕೊಳ್ಳಬೇಕಂತೆ, ₹5,800. ನನಗೆ ಸಿಟ್ಟು ಬಂದದ್ದು ಇಲ್ಲಿ. ಕಾಲಿಗೆ ಏನೂ ಆಗಿಲ್ಲ. ಕ್ಯಾಮೆರಾ ಕೂರುವ ಬಾಲ್ ಹೆಡ್ ಇವತ್ತಿಗೂ ಬೆಣ್ಣೆಯ ಹಾಗೆ ತಿರುಗುತ್ತದೆ. ಬೆರಳ ತುದಿಯಷ್ಟು ಎತ್ತರದ ಪ್ಲಾಸ್ಟಿಕ್ಕಿಗೋಸ್ಕರ ಚೆನ್ನಾಗಿರುವ ಕಾಲನ್ನು ಎಸೆಯಿರಿ ಎಂದು ಹೇಳುವುದು ಯಾವ ನ್ಯಾಯ? ಇಷ್ಟು ಒಳ್ಳೆಯ ವಸ್ತು ಮಾಡುವವರಿಗೆ ಅದು ಸವೆಯುವ ಜಾಗ ಯಾವುದು ಎಂದು ಗೊತ್ತಿರಲೇಬೇಕು. ಗೊತ್ತಿದ್ದೂ ಆ ಭಾಗ ಮಾರುವುದಿಲ್ಲ ಅನ್ನುವುದನ್ನು ನಾನು ಇವತ್ತಿಗೂ ಒಪ್ಪಿಲ್ಲ.

ಆರೇಳು ತಿಂಗಳು ಟ್ರೈಪಾಡ್ ಅಟ್ಟದ ಮೇಲೆ ಬಿದ್ದಿತ್ತು. 2024ರ ಜೂನ್‌ನಲ್ಲಿ ಅಪ್ಪನ ಅಡಿಕೆ ಸುಲಿಯುವ ಮೆಷಿನ್ನಿನ ಬುಷ್, ಅಂದರೆ ಸರಳು ಕೂರುವ ಬಳೆ, ಹಾಕಿಸಲು ಪೇಟೆಯ ಲೇತ್ ಅಂಗಡಿಗೆ ಹೋದಾಗ, ಜೇಬಿನಲ್ಲಿ ಈ ಬಳೆಯನ್ನೂ ಇಟ್ಟುಕೊಂಡು ಹೋಗಿದ್ದೆ. ಲೇತಿನವರು ಅದನ್ನು ಬೆಳಕಿಗೆ ಹಿಡಿದು, ಅಳತೆಯ ವರ್ನಿಯರ್ ಹಚ್ಚಿ ನೋಡಿ, "ಇದೂ ಬುಷ್ಷೇ ಅಲ್ವಾ ಮೇಷ್ಟ್ರೆ, ಸ್ವಲ್ಪ ಟೇಪರ್ ಇದೆ ಅಷ್ಟೆ" ಅಂದರು. ನೈಲಾನ್ ಸರಳಿನಲ್ಲಿ ಒಂದು ಕಡೆದುಕೊಟ್ಟರು. ಆಷಾಢದ ಮಳೆ ಹಿಡಿದು ಎರಡು ವಾರಕ್ಕೆ ಅದು ಊದಿಕೊಂಡು ಕಾಲು ಎಳೆಯಲು ಬಾರದ ಹಾಗಾಯಿತು. ಮತ್ತೆ ಹೋದೆ. ಅವರಿಗೆ ಬೇಸರವಿಲ್ಲ. "ನೈಲಾನ್ ನೀರು ಕುಡಿಯುತ್ತೆ. ನೀವು ಮಳೆಗೂ ಹೋಗ್ತೀರಿ, ಹಿಮಕ್ಕೂ ಹೋಗ್ತೀರಿ. ಡೆಲ್ರಿನ್ ಹಾಕೋಣ" ಎಂದು ಡೆಲ್ರಿನ್ ಎಂಬ ಇನ್ನೊಂದು ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿ ಸರಳು ತೆಗೆದರು. ಸುರುಳಿ ಸುರುಳಿಯಾಗಿ ತೆಂಗಿನ ತುರಿಯ ಹಾಗೆ ಸಿಬರು ಬೀಳುತ್ತಿತ್ತು. ನಾಲ್ಕು ಸಲ ಕೊಳವೆಗೆ ಹಾಕಿ ನೋಡಿ, ಐದನೇ ಸಲಕ್ಕೆ ಕೂದಲಷ್ಟು ತೆಗೆದು, ಕೊನೆಗೆ ಗರಗಸದ ಬ್ಲೇಡಿನಲ್ಲಿ ಒಂದು ಕಡೆ ಸೀಳು ಹಾಕಿದರು. ಲಾಕ್ ತಿರುಗಿಸಿ ಟ್ರೈಪಾಡಿನ ಮೇಲೆ ನನ್ನ ಇಡೀ ಭಾರ ಹಾಕಿದೆ. ಅಲ್ಲಾಡಲಿಲ್ಲ. ಒಂದಕ್ಕೆ ₹150. ನಾಲ್ಕು ಮಾಡಿಸಿಕೊಂಡೆ.

ಅದೇ ವರ್ಷ ಅಕ್ಟೋಬರಿನಲ್ಲಿ ಮತ್ತೆ ತಪೋವನ. ಈ ಸಲ ನನ್ನ ದಿನಚರಿಯೇ ಬೇರೆ. ಎಲ್ಲಿ ಉಳಿದರೂ ಚಹಾ ಕುಡಿದ ಮೇಲೆ ಕತ್ತಲಾಗುವ ಮುಂಚೆ ಅರ್ಧ ತಾಸು ಟ್ರೈಪಾಡಿಗೆ. ಅಪ್ಪನ ಹಳೇ ಪಂಚೆಯ ತುಂಡೊಂದನ್ನು ಕಲ್ಲಿನ ಮೇಲೆ ಹಾಸುತ್ತೇನೆ. ಕೆಳಗಿನ ತುಂಡಿನಿಂದ ಶುರು, ಒಂದು ಕಾಲು ಮುಗಿದ ಮೇಲೆಯೇ ಇನ್ನೊಂದು, ಬಳೆಗಳು ಅದಲು ಬದಲಾಗಬಾರದು. ನದಿಯ ನೀರು ಮುಟ್ಟಿಸುವುದಿಲ್ಲ, ಪಕ್ಕದ ತೊರೆಯ ತಿಳಿನೀರು ಮಾತ್ರ. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಲಾಕಿನ ತಿರುಪಿನ ಮರೆಗಳನ್ನು ತಿಕ್ಕಿ, ಬಳೆಯನ್ನು ಪಂಚೆಯಲ್ಲಿ ಸುತ್ತಿ ಒಣಗಿಸಿ, ಮರೆಗೆ ಮಾತ್ರ ಸಾಸಿವೆ ಕಾಳಿನಷ್ಟು ಸಿಲಿಕಾನ್ ಗ್ರೀಸ್. ಬಳೆಯ ಒಳಮೈಗೆ ಗ್ರೀಸ್ ತಾಗಿದರೆ ಅದೇ ಜಾರುತ್ತದೆ. ಕೊನೆಗೆ ಮೂರೂ ಕಾಲು ಎಳೆದು ಬಿಗಿ ಮಾಡಿ ಒತ್ತಿ ನೋಡುವುದು. ಈ ಕೆಲಸದ ನಡುವೆ ಒಂದು ಸಂಜೆ ತಲೆಯೆತ್ತಿದರೆ ಹಿಮಾಲಯದ ಕಾಡುಕುರಿಗಳಾದ ಹನ್ನೆರಡು ಭರಲ್‌ಗಳು ಇಪ್ಪತ್ತು ಹೆಜ್ಜೆ ದೂರದಲ್ಲಿ ಮೇಯುತ್ತ ಬಂದಿದ್ದವು. ಒಂದು ಮರಿ ನನ್ನನ್ನೇ ನೋಡುತ್ತ ಜಗಿಯುತ್ತಿತ್ತು. ಟ್ರೈಪಾಡ್ ಬಿಚ್ಚಿ ಹರಡಿತ್ತು, ಕ್ಯಾಮೆರಾ ಡೇರೆಯಲ್ಲಿತ್ತು. ಅವು ದಾಟಿಹೋಗುವವರೆಗೆ ಕೈಯಲ್ಲಿ ಬ್ರಷ್ ಹಿಡಿದು ಅಲ್ಲಾಡದೆ ಕೂತಿದ್ದೆ. ನಾಲ್ಕು ಪ್ರಯಾಣಗಳಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆ ಅದೇ.

ರಾತ್ರಿ ಇಪ್ಪತ್ತು ಸೆಕೆಂಡಿನ ಮೂವತ್ತು ಚಿತ್ರ ತೆಗೆದೆ. ಒಂದರಲ್ಲೂ ನಕ್ಷತ್ರ ಎಳೆದಿಲ್ಲ.

ಇಳಿಯುವಾಗ ನದಿ ದಾಟಿ ಬಂಡೆಯ ಹತ್ತಿರ ಹೋದೆ. ಹಳದಿ ಟೇಪಿನ ಅಳತೆಗೆ ಕಾಲು ಎಳೆದು ನಾಲ್ಕನೇ ಚಿತ್ರ. ಮೊದಲ ಚಿತ್ರದಲ್ಲಿ ಹಿಮದ ಗೋಡೆಗೆ ಅಂಟಿಕೊಂಡಿದ್ದ ಒಂದು ತ್ರಿಕೋನ ಬಂಡೆ ಈಗ ಹಿಮದಿಂದ ಬಿಟ್ಟು ಕಲ್ಲುರಾಶಿಯ ನಡುವೆ ಒಂಟಿಯಾಗಿ ನಿಂತಿದೆ. ನದಿ ಹೊರಬರುವ ಗವಿಯ ಬಾಯಿ ಇದ್ದ ಜಾಗದಲ್ಲಿಲ್ಲ, ಆಕಾರವೂ ಬೇರೆ. ನಾಲ್ಕೂ ಈಗ ನಮ್ಮ ಶಾಲೆಯ ಪ್ರಯೋಗಾಲಯದ ಗೋಡೆಯಲ್ಲಿವೆ.

ಕೊಳ್ಳಬೇಕೋ ಬೇಡವೋ ಎಂದು ಕೇಳುವವರಿಗೆ: ನಮ್ಮ ಕಾಡು, ಜಲಪಾತ, ಸಮುದ್ರತೀರಕ್ಕೆ ಹೋಗುವವರಾದರೆ ಧೈರ್ಯವಾಗಿ ಕೊಳ್ಳಿ. ಹಿಮನದಿಯ ಕಡೆ ಹೋಗುವವರಾದರೆ ಮಡಚುವ ಪಟ್ಟಿಯ ಲಾಕ್ ಇರುವುದನ್ನೂ ಒಮ್ಮೆ ನೋಡಿ. ಅದರ ಸ್ಕ್ರೂವನ್ನು ದಾರಿಯಲ್ಲೇ ಬಿಗಿ ಮಾಡಿಕೊಳ್ಳಬಹುದು. ಇದನ್ನೇ ಕೊಳ್ಳುವುದಾದರೆ ಅಂಗಡಿಯಲ್ಲೇ ಕೆಳಗಿನ ಲಾಕ್ ಬಿಚ್ಚಿಸಿ, ಬಳೆಯನ್ನು ಕೈಯಲ್ಲಿ ಹಿಡಿದು, ಇದು ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಇಲ್ಲವೆಂದರೆ ವರ್ನಿಯರ್ ತೆಗೆದುಕೊಂಡು ಹೋಗಿ ಅಳತೆ ಬರೆದುಕೊಳ್ಳಿ, ಹೊಸದಿರುವಾಗಲೇ. ಸವೆದ ಮೇಲೆ ಸರಿಯಾದ ಅಳತೆ ಸಿಗುವುದಿಲ್ಲ. ನಾವು ಬಲಗಾಲಿನ ಬಳೆ ನೋಡಿ ಅಂದಾಜು ಮಾಡಬೇಕಾಯಿತು, ಐದು ಸಲ ಕಡೆಯಬೇಕಾಗಿ ಬಂದದ್ದು ಅದಕ್ಕೇ.