ಬೇಗ ಶಾಖ ಎಳೆಯುವ ಹಾಟ್ ಡೈ ಸ್ಟೀಲ್: ಎರಡು ವರ್ಷ ಓಡಿಸಿದ ಮೇಲೆ

ನೇರವಾಗಿ ಹೇಳುತ್ತೇನೆ. ಈ ಸ್ಟೀಲ್, ಅಂದರೆ ಬಿಸಿ ಲೋಹಕ್ಕೆ ಆಕಾರ ಕೊಡುವ ಅಚ್ಚಿಗೆ (ಡೈ) ಬಳಸುವ ಈ ಹೊಸ ಜಾತಿ, ಒಳ್ಳೆಯದು, ಆದರೆ ಇಡೀ ಡೈಗೆ ಅಲ್ಲ. ಡೈಯಲ್ಲಿ ಎಲ್ಲಿ ಶಾಖ ಹೊರಗೆ ಹೋಗದೆ ಕೂತುಬಿಡುತ್ತದೋ ಆ ಜಾಗಕ್ಕೆ ಮಾತ್ರ ಹಾಕಿ, ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ತಣಿಸಿ ಗಟ್ಟಿ ಮಾಡುವುದು) ಸರಿಯಾಗಿ ಮಾಡಿಸಿದರೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ. ಹೀಟ್ ಟ್ರೀಟ್‌ಮೆಂಟ್ ಕೈಕೊಟ್ಟರೆ ಡೈಗೆ ಎಲ್ಲರೂ ಬಳಸುವ ಮಾಮೂಲಿ ಸ್ಟೀಲ್ ಎಚ್13ಗಿಂತಲೂ ಕಡೆ.

ನಮ್ಮದು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಡೈ ಮಾಡುವ ಒಂದು ಚಿಕ್ಕ ಟೂಲ್ ರೂಮ್, ಜೊತೆಗೆ ಪ್ರೆಷರ್ ಡೈ ಕಾಸ್ಟಿಂಗ್, ಅಂದರೆ ಕರಗಿದ ಲೋಹವನ್ನು ಒತ್ತಡದಲ್ಲಿ ಡೈಗೆ ತುಂಬಿ ಪಾರ್ಟ್ ಮಾಡುವುದು. ಕೆಲಸವೆಲ್ಲ ಅಲ್ಯೂಮಿನಿಯಂನಲ್ಲಿ, ಹೆಚ್ಚಾಗಿ ಎಡಿಸಿ12 ಅನ್ನುವ ಮಿಶ್ರಲೋಹ. ಬೈಕ್, ಸ್ಕೂಟರ್‌ಗೆ ಹೋಗುವ ಕವರ್, ಹೌಸಿಂಗ್ ಇಂಥವು. ಇಂಥ ಪಾರ್ಟ್‌ಗಳಲ್ಲಿ ಉದ್ದ ಬಾಸ್ (ಬೋಲ್ಟ್ ಕೂರುವ ಉಬ್ಬು), ಆಳದ ತೂತು ಇರುತ್ತವೆ. ತೂತು ಮೂಡಿಸಲು ಅಲ್ಲಿ ನಿಲ್ಲುವ ಕೋರ್ (ಡೈಯ ಕಡ್ಡಿಯಂಥ ಭಾಗ) ಸುತ್ತಲೂ ಕರಗಿದ ಅಲ್ಯೂಮಿನಿಯಂ ಇರುತ್ತದೆ, ಶಾಖ ಹೋಗಲು ಬುಡ ಒಂದೇ ದಾರಿ. ಅಲ್ಯೂಮಿನಿಯಂ ಅಂಟುತ್ತದೆ, ಪಾರ್ಟ್ ಎಳೆದುಕೊಂಡು ಬರುತ್ತದೆ, ಆಪರೇಟರ್ ಮೆಷಿನ್ ನಿಲ್ಲಿಸಿ ಉಜ್ಜುತ್ತಾನೆ. ಡೈ ಕಾಸ್ಟಿಂಗ್ ಮಾಡುವವರಿಗೆಲ್ಲ ಗೊತ್ತಿರುವ ಕಥೆ ಇದು, ಅಲ್ವಾ? ಆ ಕೋರ್‌ಗಳಿಗೆಂದೇ ಈ ಸ್ಟೀಲ್ ತರಿಸಿದ್ದು.

ಇದು ಯಾಕೆ ಬೇರೆ ಥರ ಅನ್ನುವುದು ಮೊದಲು ಗೊತ್ತಿರಬೇಕು, ಇಲ್ಲದಿದ್ದರೆ ಮುಂದೆ ಬರುವ ತೊಂದರೆಗಳು ಅರ್ಥವಾಗುವುದಿಲ್ಲ. ಶುದ್ಧ ಕಬ್ಬಿಣದ ಕಂಡಕ್ಟಿವಿಟಿ, ಅಂದರೆ ಶಾಖ ಸಾಗಿಸುವ ಶಕ್ತಿ, ಮೀಟರ್-ಕೆಲ್ವಿನ್‌ಗೆ ಸುಮಾರು 80 ವ್ಯಾಟ್. ನಾವೆಲ್ಲ ಬಳಸುವ ಎಚ್13ರಲ್ಲಿ ಅದು 25ರ ಆಸುಪಾಸು. ಎಚ್13ರಲ್ಲಿ ಕ್ರೋಮಿಯಂ 5 ಪರ್ಸೆಂಟ್ ಆಸುಪಾಸು, ಸಿಲಿಕಾನ್ ಸುಮಾರು 1 ಪರ್ಸೆಂಟ್ ಇರುತ್ತವೆ. ಲೋಹದಲ್ಲಿ ಶಾಖ ಹೊತ್ತು ಓಡುವುದು ಹೆಚ್ಚಾಗಿ ಎಲೆಕ್ಟ್ರಾನ್‌ಗಳು, ಕಬ್ಬಿಣದಲ್ಲಿ ಕರಗಿ ಕೂತ ಈ ಬೇರೆ ಪರಮಾಣುಗಳು ಅವಕ್ಕೆ ಅಡ್ಡ ಬರುತ್ತವೆ. ದಸರಾ ಹೊತ್ತಿನಲ್ಲಿ ದೇವರಾಜ ಅರಸು ರಸ್ತೆ ತುಂಬ ಜನ ಚೆಲ್ಲಿಕೊಂಡಿದ್ದರೆ ಬೈಕ್ ಮುಂದೆ ಹೋಗುವುದಿಲ್ಲ, ಅದೇ ಜನ ಗುಂಪಾಗಿ ಒಂದೊಂದು ಕಡೆ ನಿಂತರೆ ನಡುವೆ ದಾರಿ ಬಿಡುತ್ತದೆ, ಹಾಗೆ. ಈ ಹೊಸ ಜಾತಿಯ ಸ್ಟೀಲ್‌ಗಳಲ್ಲಿ ಕ್ರೋಮಿಯಂ, ಸಿಲಿಕಾನ್ ಎರಡನ್ನೂ ತೀರ ಕಡಿಮೆ ಮಾಡಿ, ಮಾಲಿಬ್ಡಿನಂ ಮತ್ತು ಟಂಗ್‌ಸ್ಟನ್ ಹಾಕುತ್ತಾರೆ. ಟೆಂಪರಿಂಗ್ ಮಾಡುವಾಗ (ಗಟ್ಟಿ ಮಾಡಿದ ಸ್ಟೀಲನ್ನು ಮತ್ತೆ ಹದವಾಗಿ ಕಾಯಿಸುವಾಗ) ಇವು ಇಂಗಾಲದ ಜೊತೆ ಸೇರಿ ಸಣ್ಣ ಸಣ್ಣ ಕಾರ್ಬೈಡ್ ಆಗಿ ಗುಂಪು ಕಟ್ಟುತ್ತವೆ, ಉಳಿದ ಕಬ್ಬಿಣದಲ್ಲಿ ಅಡ್ಡ ಬರುವ ಪರಮಾಣುಗಳು ಕಡಿಮೆಯಾಗುತ್ತವೆ, ಶಾಖಕ್ಕೆ ದಾರಿ ತೆರೆಯುತ್ತದೆ. ಸ್ಪೇನಿನ ರೋವಾಲ್ಮಾ ಕಂಪನಿಯ ಎಚ್‌ಟಿಸಿಎಸ್ ಗ್ರೇಡ್‌ಗಳು ಈ ದಾರಿಯಲ್ಲೇ ಹೆಸರು ಮಾಡಿದ್ದು, ಅವುಗಳಲ್ಲಿ 60 ವ್ಯಾಟ್ ಮುಟ್ಟುವಂಥದ್ದೂ ಇದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕಂಡಕ್ಟಿವಿಟಿ ಅನ್ನುವುದು ನೀವು ಕೊಂಡು ತಂದ ಬ್ಲಾಕ್‌ನಲ್ಲಿ ತಯಾರಾಗಿ ಕೂತಿರುವುದಿಲ್ಲ. ಅದು ಫರ್ನೇಸ್‌ನಲ್ಲಿ ಹುಟ್ಟುತ್ತದೆ. ಕ್ವೆಂಚ್ (ಕಾದ ಸ್ಟೀಲನ್ನು ಬೇಗ ತಣಿಸುವುದು) ಆದ ಕೂಡಲೇ ಅಳೆದರೆ ಕಡಿಮೆ ಇರುತ್ತದೆ, ಟೆಂಪರ್ ಆಗುತ್ತಾ ಹೋದಂತೆ ಏರುತ್ತದೆ. ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರುವ ನಂಬರ್ ಸರಿಯಾದ ಹೀಟ್ ಟ್ರೀಟ್‌ಮೆಂಟ್ ಆದ ಮೇಲಿನದು. ಹಾರ್ಡ್‌ನೆಸ್ (ಗಡಸುತನ), ಟಫ್‌ನೆಸ್ (ಮುರಿಯದೆ ತಡೆಯುವ ಶಕ್ತಿ) ನಿರ್ಧಾರವಾಗುವುದೂ ಅದೇ ಫರ್ನೇಸ್‌ನಲ್ಲೇ.

ನಮ್ಮ ಮೊದಲ ಬ್ಯಾಚ್ ಕೆಟ್ಟಿದ್ದು ಇಲ್ಲೇ. ವ್ಯಾಕ್ಯೂಮ್ ಫರ್ನೇಸ್ ಕೆಲಸಕ್ಕೆ ಬೆಂಗಳೂರಿಗೆ ಕಳಿಸುತ್ತೇವೆ. ಸ್ಟೀಲ್ ಮಾಡಿದವರ ಡೇಟಾ ಶೀಟ್ ಪ್ರಿಂಟ್ ತೆಗೆದು ಚಲನ್ ಜೊತೆ ಪಿನ್ ಮಾಡಿ ಕಳಿಸಿದ್ದೆವು. ಅವರು ಅದನ್ನು ನೋಡಲೇ ಇಲ್ಲ. ಚಿಕ್ಕ ಲೋಡ್‌ಗೆ ಪ್ರತ್ಯೇಕ ಫರ್ನೇಸ್ ಓಡಿಸಿದರೆ ಅವರಿಗೆ ಗಿಟ್ಟುವುದಿಲ್ಲ ಅನ್ನುವುದು ನನಗೂ ಅರ್ಥವಾಗುತ್ತದೆ. ‘ಎಚ್13 ಲೋಡ್ ಜೊತೆಗೇ ಹಾಕಿಬಿಟ್ವಿ ಸಾರ್, ಏನೂ ಆಗಲ್ಲ’ ಅಂದರು. ಆಗುತ್ತದೆ! ಎಚ್13ಗೆ 1020–1030 ಡಿಗ್ರಿ ಸಾಕು. ಮಾಲಿಬ್ಡಿನಂ, ಟಂಗ್‌ಸ್ಟನ್ ಕಾರ್ಬೈಡ್‌ಗಳು ಕರಗಲು ಅದಕ್ಕಿಂತ ಜಾಸ್ತಿ ಬೇಕು. ಅವು ಕರಗದಿದ್ದರೆ ಟೆಂಪರಿಂಗ್‌ನಲ್ಲಿ ಮತ್ತೆ ಸಣ್ಣದಾಗಿ ಹುಟ್ಟುವುದಕ್ಕೆ ಏನೂ ಉಳಿಯುವುದಿಲ್ಲ, ಹಾರ್ಡ್‌ನೆಸ್ ಬರುವುದಿಲ್ಲ. ಬಂದ ಕೋರ್‌ಗಳು ಮೆತ್ತಗಿದ್ದವು, ಗೇಟ್ (ಲೋಹ ಒಳಗೆ ನುಗ್ಗುವ ಬಾಯಿ) ಎದುರಿಗಿದ್ದವು ಬೇಗ ತಿಂದುಹೋದವು. ಆಗ ಎಲ್ಲರೂ ಸ್ಟೀಲನ್ನೇ ಬೈದರು. ಸ್ಟೀಲಿನ ತಪ್ಪು ಅಲ್ಲವೇ ಅಲ್ಲ.

ಎರಡನೇ ಬ್ಯಾಚ್ ಬೇರೆ ಕಡೆ, ಪ್ರತ್ಯೇಕ ಲೋಡ್‌ನಲ್ಲಿ, ಲೋಡ್‌ನೊಳಗೆ ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಇಟ್ಟು, ಅದರ ಚಾರ್ಟ್ ಕೊಡಲೇಬೇಕು ಅನ್ನುವ ಷರತ್ತಿನ ಮೇಲೆ ಮಾಡಿಸಿದೆವು. ಆ ಕೋರ್‌ಗಳು ಇವತ್ತಿಗೂ ಓಡುತ್ತಿವೆ. ಈ ವಿಮರ್ಶೆ ಅವುಗಳ ಮೇಲೆಯೇ.

ಏನು ಬದಲಾಯಿತು? ಥರ್ಮಲ್ ಕ್ಯಾಮೆರಾದಲ್ಲಿ ಡೈ ತೆರೆದ ಕೂಡಲೇ, ಸ್ಪ್ರೇ ಬೀಳುವ ಮೊದಲು ನೋಡಿದರೆ, ಮೊದಲು ಬೆಳ್ಳಗೆ ಹೊಳೆಯುತ್ತಿದ್ದ ಕೋರ್ ತುದಿ ಈಗ ಸುತ್ತಲಿನ ಜಾಗದ ಜೊತೆ ಬೆರೆತುಹೋಗುತ್ತದೆ. (ಪಾಲಿಶ್ ಮಾಡಿದ ಹೊಸ ಕೋರ್ ಮೇಲೆ ಕ್ಯಾಮೆರಾ ನಂಬಬೇಡಿ, ಹೊಳೆಯುವ ಮೈ ತಪ್ಪು ರೀಡಿಂಗ್ ಕೊಡುತ್ತದೆ. ಸ್ವಲ್ಪ ದಿನ ಓಡಿ ಕಪ್ಪಾದ ಮೇಲೆ ನೋಡಿ.) ಅಂಟುವುದು ಬಹಳ ಕಡಿಮೆಯಾಯಿತು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಸೇರಿ ಪದರ ಕಟ್ಟುವುದರಿಂದಲೇ ಅಂಟುವುದು ಶುರುವಾಗುತ್ತದೆ, ಮೈ ಬಿಸಿ ಇಳಿದಷ್ಟೂ ಅದು ನಿಧಾನ. ಎಡಿಸಿ12ರಲ್ಲಿ ಕಬ್ಬಿಣವನ್ನು 1.3 ಪರ್ಸೆಂಟ್‌ವರೆಗೆ ಬಿಟ್ಟಿರುವುದಕ್ಕೂ ಈ ಅಂಟುವುದನ್ನು ಕಡಿಮೆ ಮಾಡುವುದೇ ಒಂದು ಕಾರಣ. ಬಾಸ್ ಬುಡದಲ್ಲಿ ಲೋಹ ಕುಗ್ಗಿ ಆಗುತ್ತಿದ್ದ ತೂತುಗಳೂ ಕಡಿಮೆಯಾದವು. ನನಗೆ ಅತಿ ಖುಷಿ ಕೊಟ್ಟಿದ್ದು ಇದೇ, ಏಕೆಂದರೆ ಅದು ನಮ್ಮ ಲೀಕ್ ಟೆಸ್ಟ್ ರಿಜೆಕ್ಷನ್‌ನ ಮೂಲ.

ಸೈಕಲ್ ಟೈಮ್ ವಿಷಯದಲ್ಲಿ ಮಾತ್ರ ದೊಡ್ಡ ಆಸೆ ಬೇಡ. ಕಂಡಕ್ಟಿವಿಟಿ ಎರಡು ಪಟ್ಟಾದರೆ ಸೈಕಲ್ ಅರ್ಧ ಆಗುವುದಿಲ್ಲ. ಶಾಖ ಅಲ್ಯೂಮಿನಿಯಂನಿಂದ ಡೈ ಮೈಗೆ ದಾಟಬೇಕು, ಸ್ಟೀಲ್ ಒಳಗೆ ಸಾಗಬೇಕು, ಆಮೇಲೆ ನೀರಿಗೆ ಇಳಿಯಬೇಕು. ನೀವು ದುಡ್ಡು ಕೊಟ್ಟು ಸರಿಮಾಡಿದ್ದು ನಡುವಿನದನ್ನು ಮಾತ್ರ. ನೀರು ಕೋರ್ ಒಳಗೇ ಹೋಗದಿದ್ದರೆ, ಅಥವಾ ದೂರದಲ್ಲಿದ್ದರೆ, ಸ್ಟೀಲ್ ಎಳೆದ ಶಾಖ ಹೋಗುವುದಾದರೂ ಎಲ್ಲಿಗೆ?

ನೀರಿನ ಬಗ್ಗೆ ನಮ್ಮ ಕಡೆಯವರಿಗೆ ಒತ್ತಿ ಹೇಳಬೇಕು. ಮೈಸೂರು, ಮಂಡ್ಯ ಎರಡೂ ಕಡೆ ಎಷ್ಟೋ ಶೆಡ್‌ಗಳು ಬೋರ್‌ವೆಲ್ ನೀರಿನ ಮೇಲೇ ಓಡುತ್ತವೆ. ಆ ಗಡಸು ನೀರು ವಾಟರ್ ಲೈನ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಆ ಸುಣ್ಣದ ಪದರದ ಕಂಡಕ್ಟಿವಿಟಿ ಈ ಸ್ಟೀಲಿನ ಹತ್ತನೇ ಒಂದು ಪಾಲೂ ಇಲ್ಲ. ತೆಳ್ಳಗೆ ಕಟ್ಟಿದರೂ ಸಾಕು, ಒಳ್ಳೆ ಸ್ಟೀಲ್ ಹಾಕಿದ್ದು ವ್ಯರ್ಥ. ಸಾಫ್ಟ್‌ನರ್ ಹಾಕದೆ ಈ ಸ್ಟೀಲ್ ತರಬೇಡಿ, ಅದಕ್ಕಿಂತ ಆ ದುಡ್ಡಲ್ಲಿ ಸಾಫ್ಟ್‌ನರ್ ಹಾಕಿಸುವುದೇ ಮೇಲು.

ಇನ್ನು ತುಕ್ಕು. ಕ್ರೋಮಿಯಂ ತೆಗೆದಿದ್ದರ ಬೆಲೆ ಇದು. ಎಚ್13 ಕೂಡ ಸ್ಟೇನ್‌ಲೆಸ್ ಅಲ್ಲ, ಆದರೂ ಸ್ವಲ್ಪ ತಡೆಯುತ್ತದೆ. ಇದು ತಡೆಯುವುದಿಲ್ಲ. ಆಯುಧ ಪೂಜೆ ರಜೆಗೆ ಮೆಷಿನ್ ನಿಲ್ಲಿಸುವಾಗ ಎಲ್ಲರೂ ಡೈ ಮೈ ಒರೆಸಿ ಅರಿಶಿನ ಕುಂಕುಮ ಇಡುತ್ತಾರೆ, ವಾಟರ್ ಲೈನ್ ಒಳಗಿನ ನೀರು ಅಲ್ಲೇ ಉಳಿದುಬಿಡುತ್ತದೆ. ರಜೆ ಮುಗಿದು ಲೈನ್ ತೆರೆದರೆ ಕೆಂಪು ನೀರು. ಒಳಗಿನ ತುಕ್ಕಿನ ಗುಳಿಯಿಂದಲೇ ಬಿರುಕು ಶುರುವಾಗುತ್ತದೆ, ಅದು ಹೊರಗೆ ಬರುವವರೆಗೆ ಕಾಣುವುದಿಲ್ಲ. ನಾವೀಗ ರಜೆಗೆ ಮುಂಚೆ ಏರ್ ಹೊಡೆದು ಲೈನ್ ಒಣಗಿಸಿ ಎಣ್ಣೆ ಬಿಡುತ್ತೇವೆ, ಓಡುವ ನೀರಿಗೂ ತುಕ್ಕು ತಡೆಯುವ ದ್ರವ ಸೇರಿಸುತ್ತೇವೆ.

ಟಫ್‌ನೆಸ್ ಬಗ್ಗೆ ಜಾಸ್ತಿ ಬರೆಯಬೇಕು, ಏಕೆಂದರೆ ಮಾರುವವರು ಅದರ ಬಗ್ಗೆ ಕಡಿಮೆ ಮಾತಾಡುತ್ತಾರೆ. ಡೈ ಮೈ ಒಂದು ಕ್ಷಣ 650–680 ಡಿಗ್ರಿಯ ಅಲ್ಯೂಮಿನಿಯಂ ನೋಡುತ್ತದೆ, ಮರುಕ್ಷಣ ತಣ್ಣನೆ ಸ್ಪ್ರೇ. ಮೈ ಹಿಗ್ಗಲು ನೋಡುತ್ತದೆ, ಒಳಗಿನ ತಣ್ಣನೆ ಸ್ಟೀಲ್ ಬಿಡುವುದಿಲ್ಲ. ಮೈಗೂ ಒಳಗಿಗೂ 100 ಡಿಗ್ರಿ ವ್ಯತ್ಯಾಸ ಇದ್ದರೆ 250 ಮೆಗಾಪ್ಯಾಸ್ಕಲ್‌ಗೂ ಮೀರಿದ ಒತ್ತಡ ಹುಟ್ಟುತ್ತದೆ. ಇದು ಸಾವಿರಾರು ಸಲ ಆದಾಗ ಬಲೆಯಂಥ ಬಿರುಕು, ಅಂದರೆ ಹೀಟ್ ಚೆಕ್. ಕಂಡಕ್ಟಿವಿಟಿ ಜಾಸ್ತಿಯಾದರೆ ಆ ವ್ಯತ್ಯಾಸವೇ ಇಳಿಯುತ್ತದೆ, ಬಿರುಕು ಹುಟ್ಟುವುದು ತಡವಾಗುತ್ತದೆ. ಆದರೆ ಹುಟ್ಟಿದ ಬಿರುಕು ಮುಂದಕ್ಕೆ ಓಡದಂತೆ ಹಿಡಿಯುವುದು ಟಫ್‌ನೆಸ್. ಒಂದಿದ್ದು ಇನ್ನೊಂದು ಇಲ್ಲದಿದ್ದರೆ, ಮೈ ಚೆನ್ನಾಗಿರುವಾಗಲೇ ಕೋರ್ ಬುಡದಲ್ಲಿ ಪಟ್ ಅಂತ ಮುರಿಯುತ್ತದೆ.

ಟಫ್‌ನೆಸ್ ಕೆಡುವುದು ಎರಡು ಕಡೆ. ಒಂದು, ಸ್ಟೀಲ್ ಕರಗಿಸುವಾಗ. ಇಎಸ್‌ಆರ್ (ಸ್ಟೀಲನ್ನು ಮತ್ತೆ ಕರಗಿಸಿ ಶುದ್ಧ ಮಾಡುವುದು) ಮಾಡಿ ಚೆನ್ನಾಗಿ ಫೋರ್ಜ್ ಮಾಡದಿದ್ದರೆ ಬ್ಲಾಕ್ ಮಧ್ಯದಲ್ಲಿ, ಅದರಲ್ಲೂ ಅಡ್ಡ ದಿಕ್ಕಿನಲ್ಲಿ, ಪರೀಕ್ಷೆ ಮಾಡಿದರೆ ಕೈಕೊಡುತ್ತದೆ. ಸರ್ಟಿಫಿಕೇಟ್‌ನಲ್ಲಿ ಉದ್ದ ದಿಕ್ಕಿನ ಚಾರ್ಪಿ (ಪೆಟ್ಟು ಹೊಡೆದು ಟಫ್‌ನೆಸ್ ಅಳೆಯುವ ಪರೀಕ್ಷೆ) ನಂಬರ್ ತೋರಿಸಿದರೆ ಒಪ್ಪಬೇಡಿ, ಅಡ್ಡ ದಿಕ್ಕಿನದು ಕೇಳಿ. ಎರಡನೆಯದು ಕ್ವೆಂಚ್. ಇಲ್ಲಿ ಮತ್ತೆ ಅದೇ ಕ್ರೋಮಿಯಂ ಕಥೆ. ಅದು ಕಡಿಮೆಯಾದರೆ ಸ್ಟೀಲ್ ಆಳದವರೆಗೆ ಹಾರ್ಡ್ ಆಗುವ ಗುಣವೂ ಇಳಿಯುತ್ತದೆ. ದಪ್ಪ ಬ್ಲಾಕ್‌ಗೆ ನೈಟ್ರೋಜನ್ ಗಾಳಿ ಎಷ್ಟು ಜೋರಾಗಿ ಹೊಡೆದರೂ ಮಧ್ಯಭಾಗ ನಿಧಾನವಾಗಿ ತಣ್ಣಗಾಗುತ್ತದೆ, ಅಲ್ಲಿ ನಮಗೆ ಬೇಕಾದ ಮಾರ್ಟೆನ್ಸೈಟ್ ಅನ್ನುವ ಒಳರಚನೆ ಬದಲು ಬೈನೈಟ್ ಅನ್ನುವ ಒರಟು ರಚನೆ ಬರುತ್ತದೆ, ಕಣಗಳ ಅಂಚಿನಲ್ಲಿ ಕಾರ್ಬೈಡ್ ಕೂರುತ್ತದೆ. ಮೇಲೆ ಹಾರ್ಡ್‌ನೆಸ್ ಚೆಕ್ ಮಾಡಿದರೆ ಎಲ್ಲ ಸರಿ, ಒಳಗೆ ಗಾಜು. ಅದಕ್ಕೇ ಚಿಕ್ಕ ಕೋರ್, ಚಿಕ್ಕ ಇನ್ಸರ್ಟ್‌ಗೆ (ಡೈಯಲ್ಲಿ ಕೂರಿಸುವ ತುಂಡಿಗೆ) ಇದು ಹೊಂದುತ್ತದೆ, ದೊಡ್ಡ ಕ್ಯಾವಿಟಿ (ಪಾರ್ಟ್ ಮೂಡುವ ಗುಳಿ) ಬ್ಲಾಕ್‌ಗೆ ನಾನು ಒಪ್ಪುವುದಿಲ್ಲ. ಒರಟು ಮೆಷಿನಿಂಗ್ ಮುಗಿಸಿ, ವಾಟರ್ ಲೈನ್ ಕೊರೆದು, ಆಮೇಲೆ ಹೀಟ್ ಟ್ರೀಟ್‌ಮೆಂಟ್‌ಗೆ ಕಳಿಸಿ. ತೆಳ್ಳಗಾದಷ್ಟೂ ಒಳಗಿನವರೆಗೆ ಬೇಗ ತಣ್ಣಗಾಗುತ್ತದೆ.

ಇಡೀ ಕ್ಯಾವಿಟಿಗೆ ಬೇಡ ಅನ್ನಲು ಇನ್ನೊಂದು ಕಾರಣವೂ ಇದೆ. ತೆಳು ಗೋಡೆ, ತೆಳು ರಿಬ್ ಇರುವ ಪಾರ್ಟ್‌ನಲ್ಲಿ ಡೈ ಶಾಖ ಬೇಗ ಎಳೆದರೆ ಲೋಹ ತುಂಬುವ ಮೊದಲೇ ಗಟ್ಟಿಯಾಗಿ ಗೆರೆ ಬೀಳುತ್ತದೆ. ಬೆಳಿಗ್ಗೆ ಮೆಷಿನ್ ಶುರು ಮಾಡುವಾಗಲಂತೂ ಇದು ಎದ್ದು ಕಾಣುತ್ತದೆ. ಎಣ್ಣೆ ಹೀಟರ್‌ನಿಂದ ಡೈ ಚೆನ್ನಾಗಿ ಕಾಯಿಸದೆ ಮೊದಲ ಶಾಟ್ ಹೊಡೆಯಬೇಡಿ. ಕಾಯಿಸಿದ ಸ್ಟೀಲ್ ಟಫ್ ಆಗಿಯೂ ಇರುತ್ತದೆ, ಇದು ಎಚ್13ಗೂ ಅನ್ವಯಿಸುತ್ತದೆ.

ನೈಟ್ರೈಡಿಂಗ್ (ಮೈಗೆ ನೈಟ್ರೋಜನ್ ಇಳಿಸಿ ಗಟ್ಟಿ ಮಾಡುವುದು) ಮಾಡಿಸಿದರೆ ಮೇಲ್ಪದರ ಎಚ್13ರಷ್ಟು ಗಟ್ಟಿ ಬರುವುದಿಲ್ಲ, ಅದಕ್ಕೂ ಕ್ರೋಮಿಯಂ ಬೇಕು. ಗೇಟ್ ಎದುರಿನ ಕೋರ್‌ಗೆ ನಾವು ಪಿವಿಡಿ ಕೋಟಿಂಗ್ (ತೆಳ್ಳಗಿನ ಗಟ್ಟಿ ಲೇಪ) ಹಾಕಿಸುತ್ತೇವೆ, ಪರವಾಗಿಲ್ಲ. ವೆಲ್ಡಿಂಗ್ ರಿಪೇರಿಗೆ ಎಚ್13 ರಾಡ್ ಬಳಸಿದರೆ ಆ ತೇಪೆಯಷ್ಟು ಜಾಗ ಮತ್ತೆ ಬಿಸಿ ಹಿಡಿಯುತ್ತದೆ, ಕ್ಯಾಮೆರಾದಲ್ಲಿ ಮಚ್ಚೆ ಥರ ಕಾಣುತ್ತದೆ. ಸ್ಪಾರ್ಕ್ ಮಾಡಿದ ಮೇಲೆ (ಕರೆಂಟ್ ಕಿಡಿಯಿಂದ ಸ್ಟೀಲ್ ಕೊರೆದ ಮೇಲೆ) ಮೈಮೇಲೆ ಉಳಿಯುವ ಬಿಳಿ ಪದರ ಉಜ್ಜಿ ತೆಗೆದು, ಇನ್ನೊಮ್ಮೆ ಹಿಂದಿನ ಟೆಂಪರಿಂಗ್‌ಗಿಂತ ಸ್ವಲ್ಪ ಕಡಿಮೆ ಶಾಖದಲ್ಲಿ ಟೆಂಪರ್ ಮಾಡಿಸುವುದು ಯಾವ ಹಾಟ್ ಡೈ ಸ್ಟೀಲ್‌ಗೂ ಒಳ್ಳೆಯದು.

ಬೆಲೆ ಎಚ್13ಗಿಂತ ಬಹಳ ಜಾಸ್ತಿ, ಸ್ಟಾಕ್ ಇಲ್ಲಿ ಸಿಗುವುದಿಲ್ಲ, ಕಾಯಬೇಕು. 1923ರಲ್ಲೇ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿ, ಮುಂದೆ ಅಲಾಯ್ ಸ್ಟೀಲನ್ನೂ ಮಾಡಿದ ರಾಜ್ಯ ನಮ್ಮದು. ಇಂಥ ಸ್ಟೀಲ್ ಇಲ್ಲೇ ತಯಾರಾಗಬೇಕು ಅನ್ನುವುದು ನನ್ನ ಮನಸ್ಸಿನ ಆಸೆ, ಸುಮ್ನೆ ಹೇಳುತ್ತಿಲ್ಲ.

ಅಷ್ಟು ಖರ್ಚು ಆಗದವರಿಗೆ ನಡುವಿನ ದಾರಿಯೂ ಇದೆ. ಸ್ವೀಡನ್ನಿನ ಉಡ್ಡೆಹೋಮ್ ಕಂಪನಿಯ ಡಿವಾರ್ ಸ್ಟೀಲ್‌ನಲ್ಲಿ ಸಿಲಿಕಾನ್ 0.2 ಪರ್ಸೆಂಟ್‌ಗೆ ಇಳಿಸಿದ್ದಾರೆ, ಕ್ರೋಮಿಯಂ 5ರಲ್ಲೇ ಇದೆ, 400 ಡಿಗ್ರಿಯಲ್ಲಿ ಕಂಡಕ್ಟಿವಿಟಿ 31, ಟಫ್‌ನೆಸ್ ಅದರ ಮುಖ್ಯ ಬಲ. ಅವರದ್ದೇ ಕ್ಯೂಆರ್‌ಓ 90ರಲ್ಲಿ ಕ್ರೋಮಿಯಂ 2.6ಕ್ಕೆ ಇಳಿದು ಕಂಡಕ್ಟಿವಿಟಿ 33 ಆಗುತ್ತದೆ. ನಂಬರ್ ಚಿಕ್ಕದು ಅನ್ನಿಸಬಹುದು, ಆದರೆ ದೊಡ್ಡ ಕ್ಯಾವಿಟಿಗೆ ನಾನಾದರೆ ಡಿವಾರ್ ಥರದ್ದನ್ನೇ ಆರಿಸುತ್ತೇನೆ. ಶಾಖ ಇನ್ನೂ ಬೇಗ ಎಳೆಯುವ ಬೆರಿಲಿಯಂ ಕಾಪರ್ (ತಾಮ್ರದ ಮಿಶ್ರಲೋಹ) ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಪ್ಲಾಸ್ಟಿಕ್ ಮೋಲ್ಡ್‌ಗೆ ಸರಿ, ಕರಗಿದ ಅಲ್ಯೂಮಿನಿಯಂ ಎದುರಿಗೆ ಅದು ಹೆಚ್ಚು ದಿನ ನಿಲ್ಲುವುದಿಲ್ಲ, ಅದನ್ನು ಉಜ್ಜುವಾಗ ಬರುವ ಧೂಳು ಶ್ವಾಸಕೋಶಕ್ಕೆ ವಿಷ.

ಈಗ ನಾವು ಹೊಸ ಡೈ ಮಾಡುವಾಗ ಕ್ಯಾವಿಟಿ ಒಳ್ಳೆ ಇಎಸ್‌ಆರ್ ಸ್ಟೀಲ್‌ನಲ್ಲಿ, ಬಿಸಿ ಹಿಡಿಯುವ ಕೋರ್ ಮತ್ತು ಸ್ಪ್ರೂ (ಲೋಹ ಡೈಗೆ ಬರುವ ದಾರಿ) ಎದುರಿನ ಇನ್ಸರ್ಟ್ ಮಾತ್ರ ಇದರಲ್ಲಿ ಮಾಡುತ್ತೇವೆ. ಪ್ರತ್ಯೇಕ ಫರ್ನೇಸ್ ಲೋಡ್‌ನ ಖರ್ಚೇ ಈಗಲೂ ದೊಡ್ಡ ತಲೆನೋವು. ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿ, ಮಂಡ್ಯದ ತೂಬಿನಕೆರೆ ಕಡೆ ಯಾರಾದರೂ ಇದೇ ಜಾತಿಯ ಸ್ಟೀಲ್ ಬಳಸುತ್ತಿದ್ದರೆ ತಿಳಿಸಿ. ಗ್ರೇಡ್ ಒಂದೇ ಆಗಿದ್ದರೆ ಎಲ್ಲರ ಕೋರ್ ಸೇರಿಸಿ ಒಂದೇ ಲೋಡ್ ಕಳಿಸಬಹುದು, ಎಚ್13 ಜೊತೆ ಬೆರೆಸುವ ಪ್ರಶ್ನೆಯೇ ಬರುವುದಿಲ್ಲ, ಚಾರ್ಟ್ ಎಲ್ಲರಿಗೂ ಒಂದೊಂದು ಕಾಪಿ.